ಹನ್ನೊಂದು ಗಂಟೆ, ನಲ್ವತ್ತು ಅಡಿ

ದೋಣಿಯ ಮೂತಿ ಹನ್ನೆರಡು ಗಂಟೆ.
ಬಲಗೈ ಕಡೆ ಮೂರು, ಎಡಗೈ ಕಡೆ ಒಂಬತ್ತು.
ವಾಚು ಕಟ್ಟದ ನಾನು
ಗಡಿಯಾರದ ಭಾಷೆ ಕಲಿತದ್ದು ಹೀಗೆ,
ಐವತ್ತೆರಡನೆಯ ವಯಸ್ಸಿಗೆ, ಶಿರಿಯ ಅಳಿವೆಯಲ್ಲಿ.

ಮೊದಲು ಇದೇ ಜಲ್ಲೆಯಲ್ಲಿ ಹೊಯಿಗೆ ದೋಣಿ ತಳ್ಳುತ್ತಿದ್ದೆ.
ರಾತ್ರಿ ಮುಳುಗಿ ಬುಟ್ಟಿ ತುಂಬುವುದು,
ಪೊಲೀಸರ ಟಾರ್ಚು ಕಂಡರೆ
ಕಾಂಡ್ಲದ ಸಂದಿಯಲ್ಲಿ ಉಸಿರು ಹಿಡಿದು ಕೂರುವುದು.
ಹಾಗಾಗಿ ಈ ಹೊಳೆಯ ತಳ ನನ್ನ ಅಂಗೈಗೆ ಗೊತ್ತುಂಟು:
ಎಲ್ಲಿ ಕೆಸರು, ಎಲ್ಲಿ ಮರುವಾಯಿ ಚಿಪ್ಪು,
ಎಲ್ಲಿ ನಾನೇ ತೋಡಿದ ಗುಂಡಿ.
ಆ ಗುಂಡಿಗಳಲ್ಲೇ ಈಗ ಮೀನು ನಿಲ್ಲುವುದು.
ಇದಕ್ಕೆ ಏನು ಹೇಳುವುದೋ, ನನಗೆ ಗೊತ್ತಿಲ್ಲ.

ಇವತ್ತು ಬಂದವರು ಕಣ್ಣಿನ ಡಾಕ್ಟರು, ಕುರುವಿಳ ಅಂತ,
ಕೋಟ್ಟಯಂ ಕಡೆಯವರು.
ನನ್ನ ಮಲಯಾಳ ಕುಂಬಳೆ ಪೇಟೆಯ ಮಲಯಾಳ,
ಅರ್ಧ ತುಳು ಬೆರೆತದ್ದು. ಮೀನಿಗೆ ಸಾಕು.
ಗಾಳದ ತುದಿಗೆ ಹುಂಜದ ಕುತ್ತಿಗೆ ಗರಿ, ಒಂದೆಳೆ ಜರಿ.
ಅದಕ್ಕೆ ಅವರು ನೊಣ ಅನ್ನುತ್ತಾರೆ.
ನೊಣ ಅಂತೆ! ನೋಡಿದರೆ ಸಿಗಡಿ ಮರಿ.
ಆ ಹುಂಜ ಅಂಕದಲ್ಲಿ ಸತ್ತಿದ್ದರೆ
ಗೆದ್ದವನ ಮನೆಯ ಸಾರಾಗುತ್ತಿತ್ತು.

ಬೊಂತೇಲು ತಿಂಗಳು. ಮಳೆ ಮುಗಿದು ನೀರು ತಿಳಿಯಾಗಿದೆ.
ಮರಿಯಾಗಿ ಒಳಗೆ ಬಂದವು
ಮೈ ತುಂಬಿ ಕಡಲಿಗೆ ಹೊರಟ ಹೊತ್ತು.
ಬೆಳ್ಳಿ ಮೈ, ದೊಡ್ಡ ಕಣ್ಣು.
ಹೊಳೆಯ ಆಚೆ ಅದಕ್ಕೆ ಒಂದು ಹೆಸರು, ಈಚೆ ಒಂದು,
ಡಾಕ್ಟರು ಹೇಳುವುದು ಟಾರ್ಪನ್.
ಮೂರಕ್ಕೂ ಅದು ತಿರುಗಿ ನೋಡುವುದಿಲ್ಲ.
ಮೊಣಕಾಲಿನಷ್ಟು ನೀರಿನಲ್ಲಿ ಬರುತ್ತದೆ, ನೆರಳು ಮುಂದೆ, ಮೀನು ಹಿಂದೆ,
ನಡುವೆ ಮೇಲೆದ್ದು ಒಂದು ಗುಟುಕು ಗಾಳಿ ಕುಡಿಯುತ್ತದೆ,
ಬಿಸಿ ಗಂಜಿ ಹೀರಿದ ಹಾಗೆ ಒಂದು ಸದ್ದು.

"ಹನ್ನೊಂದು ಗಂಟೆ. ನಲ್ವತ್ತು ಅಡಿ."
"ಎಲ್ಲಿ?"
"ಕೋಲು ತೋರಿಸಿ. ಎಡಕ್ಕೆ. ಇನ್ನೂ ಎಡಕ್ಕೆ. ಹಾಂ, ಅಲ್ಲಿ."
"ಕಾಣುವುದಿಲ್ಲವಲ್ಲ, ಐತಪ್ಪ!"
ಊರಿಗೆಲ್ಲ ಕಣ್ಣು ಕೊಟ್ಟವರು.

ಬೀಸಿದ ನೂಲು ಬೆನ್ನ ಹಿಂದೆ ನೆಟ್ಟಗಾಗುವ ತನಕ
ಕಾಯಬೇಕು, ಅವರು ಕಾಯಲಿಲ್ಲ.
ಒಂದು ಸಲ ನೀರಿಗೆ ಸುರುಳಿಯಾಗಿ ಬಿತ್ತು,
ಇನ್ನೊಂದು ಸಲ ನನ್ನ ಟೊಪ್ಪಿಗೆ.
ಮೂರನೆಯದು ಸದ್ದಿಲ್ಲದೆ ಇಳಿಯಿತು.
"ಎಳೆಯಿರಿ. ಸಣ್ಣಕ್ಕೆ. ನಿಲ್ಲಿಸಿ. ಎಳೆಯಿರಿ."

ನೀರು ಒಡೆಯಿತು.

"ಬಾಗಿ!" ಕೂಗಿದೆ, "ಬಾಗಿ ಡಾಕ್ಟ್ರೇ, ಬಾಗಿ!"
ಮೀನು ಹಾರಿದಾಗ ಮನುಷ್ಯ ಬಾಗಬೇಕು,
ಕೋಲನ್ನು ಅದರ ಕಡೆಗೆ ಚಾಚಿ, ನೂಲು ಸಡಿಲ ಬಿಟ್ಟು.
ಬಿಗಿ ಹಿಡಿದು ನೆಟ್ಟಗೆ ನಿಂತವನಿಗೆ
ಸಿಗುವುದು ತುಂಡು ನೂಲು.
ಆರು ಸಲ ಹಾರಿತು. ಐದು ಸಲ ಬಾಗಿದರು.
ಆರನೆಯದಕ್ಕೆ ನೋಡುತ್ತಾ ನಿಂತುಬಿಟ್ಟರು.
ಆದರೂ ಉಳಿಯಿತು, ಹೇಗೋ.
ಸೇತುವೆ ಮೇಲೆ ರೈಲು ಹೋಗುತ್ತಿತ್ತು,
ಬಾಗಿಲಲ್ಲಿ ನಿಂತ ಯಾರೋ ಕೈ ಬೀಸಿದರು.

ಕೈ ಒದ್ದೆ ಮಾಡಿಕೊಂಡು ಹಿಡಿದೆ, ಮೊಳದುದ್ದ ಉಂಟು.
ಡಾಕ್ಟರು ಫೋಟೋ ಮರೆತು ಅದರ ಕಣ್ಣಿಗೆ ಬಗ್ಗಿದರು.
"ನೋಡು, ಮೇಲೊಂದು ಪೊರೆ. ಗಾಜಿನ ಹಾಗೆ.
ಅದರ ಮೂಲಕವೇ ನೋಡುತ್ತದೆ ಇದು."
ಹೇಳುತ್ತಾ ತಲೆಯೆತ್ತಿದವರು
ನನ್ನ ಮುಖದಲ್ಲಿ ಒಂದು ಗಳಿಗೆ ಹೆಚ್ಚು ನಿಂತರು.
"ಎಡಗಣ್ಣು. ಎಷ್ಟು ಸಮಯ ಆಯ್ತು?"
"ಬಿಸಿಲು," ಅಂದೆ.
ಮೀನಿನ ಮೂತಿಯನ್ನು ಹರಿವಿಗೆ ಎದುರು ಹಿಡಿದಿದ್ದೆ.
ಕಿವಿರು ತೆರೆದು ಮುಚ್ಚಿ, ತೆರೆದು ಮುಚ್ಚಿ,
ಬಾಲ ಒಮ್ಮೆ ಅಂಗೈಗೆ ಬಡಿದು ಹೋಯಿತು.

ನಾನು ಹೇಳಲಿಲ್ಲ:
ಹನ್ನೊಂದು ಗಂಟೆ ಅಂದದ್ದು ನೋಡಿ ಅಲ್ಲ.
ಎರಡು ಮಳೆಗಾಲದಿಂದ ಎಡಗಡೆಯ ಹೊಳೆ ನನಗೆ ಬರೀ ಹಾಲು.
ಆ ಗುಟುಕಿನ ಸದ್ದು ಕೇಳಿ ಅಂದದ್ದು,
ಗುಂಡಿ ಎಲ್ಲುಂಟು ಅಂತ ಜಲ್ಲೆ ಹೇಳಿದ್ದಕ್ಕೆ ಅಂದದ್ದು.

ಸಾವಿರದೈನೂರು ಕೊಟ್ಟರು, ಆಸ್ಪತ್ರೆಯ ಚೀಟಿಯೂ.
ಕುಂಬಳೆ ಸ್ಟೇಷನ್ನಿನ ಹತ್ತಿರ ಒಂದು ಕಿಲೋ ಬೂತಾಯಿ ತೆಗೊಂಡೆ.
ಚೀಲಕ್ಕೆ ಇಣುಕಿದ ಸುಂದರಿ ಅಂದಳು:
"ಹಿಡಿದದ್ದನ್ನು ಬಿಟ್ಟು, ಬಿಟ್ಟದ್ದಕ್ಕೆ ಕೂಲಿ ತೆಗೊಂಡು,
ಕೂಲಿ ಕೊಟ್ಟು ಮೀನು ತರುವವರು
ಊರಿಗೆ ನೀವೊಬ್ಬರೇ."

ಚೀಟಿ ಅಂಗಿ ಕಿಸೆಯಲ್ಲಿ ಉಪ್ಪುನೀರಿಗೆ ಮೆತ್ತಗಾಗಿದೆ.
ನಾಳೆ ಇಳಿತ ಆರೂ ಮುಕ್ಕಾಲಿಗೆ.
ಪುಣೆಯಿಂದ ಹುಡುಗರು ಇಬ್ಬರು ಬರುವುದಂತೆ.
ಅವರನ್ನು ಸುಮ್ಮನೆ ಕೂರಿಸಬೇಕು.
ಮಾತಾಡಿದರೆ ನನಗೆ ಕೇಳುವುದಿಲ್ಲ.